ಹಿಂಗಟ್ಟೆ ಗುಡ್ಡಕ್ಕೆ ಆ ಹೆಸರು ಬಂದದ್ದು

ಊರಿನ ಪಡುವಣಕ್ಕೆ, ಬಂಡೆಯ ಮೇಲೆ ಬಂಡೆ ಏರಿ ಕುಳಿತ ಗುಡ್ಡವೊಂದಿದೆ. ನೆತ್ತಿಯಲ್ಲಿ ಗಾಳೆಮ್ಮನ ಗುಡಿ, ಗುಡಿಯೆದುರು ಎರಡು ಕಟ್ಟೆ. ಮುಂದಿನದು ಎದೆಯುದ್ದ ಎತ್ತರ, ನಾಲ್ಕು ಕೆತ್ತನೆಯ ಕಂಬಗಳುಳ್ಳದ್ದು. ಅದರ ಬೆನ್ನಿಗೆ ಒರಟು ಕಲ್ಲಿನ ಮೋಟು ಕಟ್ಟೆ. ಬಂದವರು ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹಿಂದಿನದರ ಮೇಲೆ ನೀರಿನ ಬಾಟಲಿ ಇಟ್ಟು ಸುಧಾರಿಸಿಕೊಳ್ಳುತ್ತಾರೆ. ಆದರೆ ಇಡೀ ಗುಡ್ಡಕ್ಕೆ ಹೆಸರು ಬಂದದ್ದು ಆ ಹಿಂದಿನ ಕಟ್ಟೆಯಿಂದ. ಯಾಕೆಂದು ಕೇಳಿದರೆ ಊರಿನ ಹಿರಿಯರು ಮೊದಲು ಮಳೆ ಬೆಳೆಯ ಮಾತಾಡಿ ಹಾರಿಸುತ್ತಾರೆ. ಹೆಮ್ಮೆಯಿಂದ ಹೇಳಿಕೊಳ್ಳುವ ಕತೆ ಅದಲ್ಲ. ಬಿಡದೆ ಕೂತವರಿಗೆ ಮಾತ್ರ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕರು ಆಳುತ್ತಿದ್ದಾಗ, ಹುಲಗಪ್ಪನೆಂಬ ಸನಾದಿಯವನಿದ್ದನಂತೆ. ಅವನು ಊದಿದರೆ ಮೇಯುವ ದನ ತಲೆಯೆತ್ತುತ್ತಿದ್ದವು ಎನ್ನುತ್ತಾರೆ. ದನಗಳನ್ನು ಕೇಳಿದವರು ಯಾರೂ ಇಲ್ಲ, ಇರಲಿ. ಬೆಳಗಿನ ಪೂಜೆಗೆ ಮುಂದಿನ ಕಟ್ಟೆಯ ಮೇಲೆ ಸನಾದಿ ನುಡಿಸುವ ಹಕ್ಕು ಅವನ ಮನೆತನದ್ದು. ರಾಗ ನುಡಿಸುವವನು ಮುಂದೆ, ಒಂದೇ ಸ್ವರವನ್ನು ಬಿಡದೆ ಊದುತ್ತ ಶ್ರುತಿ ಹಿಡಿಯುವವನು ಹಿಂದೆ. ಹುಲಗಪ್ಪನಿಗೆ ಒಬ್ಬನೇ ಮಗ, ಗಾದೆಪ್ಪ. ಏಳನೆಯ ವಯಸ್ಸಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಅವನ ಎಡಗೈ ಮಣಿಕಟ್ಟಿನವರೆಗೆ ಹೋಗಿತ್ತು. ಎರಡು ಕೈಯ ವಾದ್ಯ ಒಂದು ಕೈಯವನಿಗೆ ಒಲಿದೀತೇ ಎಂದು ಅಪ್ಪ ಅವನಿಗೆ ಶ್ರುತಿಯ ಕೊಳವೆ ಕೊಟ್ಟು ಹಿಂದೆ ಕೂರಿಸಿದ. ಮೋಟುಗೈಗೆ ಬಟ್ಟೆ ಸುತ್ತದೆ ಹೊಸ್ತಿಲು ದಾಟಬಾರದೆಂದು ಕಟ್ಟಳೆ ಮಾಡಿದ. ಮಗನಿಗೆ ನೋವಾದೀತೆಂದು ಅಲ್ಲ. ನೋಡಿದವರು ‘ಹುಲಗಪ್ಪನ ಮಗ’ ಎಂದಾರು ಎಂದು.

ಮಗ ಸುಮ್ಮನೆ ಕೂರುವವನಲ್ಲ. ಹಳೆಯ ಸನಾದಿಯೊಂದರ ಕೆಳಗಿನ ಮೂರು ತೂತುಗಳನ್ನು ಜೇನುಮೇಣದಿಂದ ಮುಚ್ಚಿ, ಮೇಲಿನ ನಾಲ್ಕರ ಮೇಲೆ ಬಲಗೈಯ ನಾಲ್ಕು ಬೆರಳಿಟ್ಟು, ಬಂಡೆಗಳ ನಡುವೆ ಒಬ್ಬನೇ ಅಭ್ಯಾಸ ಮಾಡಿದ. ಮೇಣ ನುಂಗಿದ ಸ್ವರಗಳನ್ನು ಉಸಿರಿನಿಂದ, ತುಟಿಯಿಂದ ಎಳೆದು ತಂದ. ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಹುಲಗಪ್ಪನ ಮುಂದಿನ ಹಲ್ಲು ಉದುರಿ, ಊದಿದ ಗಾಳಿ ಪಕ್ಕಕ್ಕೆ ಸೋರತೊಡಗಿತು. ಶ್ರುತಿಯ ಒಂದು ಸ್ವರಕ್ಕೆ ಆ ಉಸಿರು ಸಾಕು, ರಾಗಕ್ಕೆ ಸಾಲದು. ಮಹಾನವಮಿಯ ಮೊದಲ ದಿನ ನಾಯಕರು ಬಂದು ಕೂತಾಗ ಮನೆತನದ ಹೊಸಬನೊಬ್ಬ ನುಡಿಸಿ ತೋರಿಸಬೇಕು, ಇಲ್ಲವಾದರೆ ಹಕ್ಕು ದಾಯಾದಿಗಳಿಗೆ. “ನಾ ಕುಂದ್ರತೀನಿ ಅಪ್ಪಾ,” ಎಂದ ಗಾದೆಪ್ಪ. “ನೀ ಹಿಂದ ಶ್ರುತಿ ಹಿಡಿ, ಸಾಕು.” ಹುಲಗಪ್ಪ ಹೂಂ ಅಂದ. ಆದರೆ ದಾಯಾದಿಗಳು ನುಡಿಸಿದರೆ ಹೋಗುವುದು ಬರೀ ಹಕ್ಕು, ಮೋಟ ನುಡಿಸಿದರೆ ಹೋಗುವುದು ಮಾನ ಎಂಬ ಲೆಕ್ಕ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ದಿನ ಮಗ ಸ್ನಾನಕ್ಕೆ ಹೋದಾಗ ಅವನು ಜಾಲಿಮುಳ್ಳು ತಂದು ಮೂರು ತೂತುಗಳ ಮೇಣವನ್ನು ಕೆರೆದು ತೆಗೆದ. ಸನಾದಿ ಒಂದೆರಡು ಸಲ ಕೀರಲಿಟ್ಟರೆ ಮಗ ತಾನೇ ಎದ್ದು ಬರುತ್ತಾನೆ, ಆಮೇಲೆ ಈ ಹುಚ್ಚು ಬಿಡುತ್ತಾನೆ ಎಂದುಕೊಂಡ. ಆಮೇಲೆ ಅದೇ ಕೈಯಿಂದ ಮಗನ ಹಣೆಗೆ ವಿಭೂತಿ ಹಚ್ಚಿದ.

ಗಾದೆಪ್ಪ ಮುಂದಿನ ಕಟ್ಟೆ ಏರಿದ. ಆಗ ಹಿಂದೆ ಕಟ್ಟೆಯಿರಲಿಲ್ಲ, ಹುಲಗಪ್ಪ ನೆಲದ ಮೇಲೆ ಕೂತು ಶ್ರುತಿ ಹಿಡಿದ. ಮೊದಲ ಉಸಿರಿಗೇ ಸನಾದಿ ಒಡಕು ದನಿ ತೆಗೆಯಿತು. ಜನ ನಕ್ಕರು, ದಾಯಾದಿಗಳು ಇನ್ನಷ್ಟು ನಕ್ಕರು. ಅಪ್ಪನಿಗೆ ಬೇಕಾದದ್ದೇ ಆಗಿತ್ತು, ಆದರೂ ಆ ನಗು ಕಿವಿಗೆ ಬಿದ್ದಾಗ ಅವನ ಉಸಿರು ಕಟ್ಟಿ ಶ್ರುತಿ ನಿಂತುಹೋಯಿತು. ಗಾದೆಪ್ಪ ಎದ್ದುಹೋಗಲಿಲ್ಲ. ಹಲ್ಲಿನಿಂದ ಗಂಟು ಬಿಚ್ಚಿ ಮೋಟುಗೈಯ ಬಟ್ಟೆಯನ್ನು ಸುತ್ತು ಸುತ್ತಾಗಿ ಕಳಚಿ ಪಕ್ಕಕ್ಕಿಟ್ಟ. ಹೆಂಗಸರು ಮುಖ ತಿರುಗಿಸಿದರು. ಆ ಮೋಟನ್ನು ಅವನು ಕೆಳಗಿನ ಮೂರು ತೂತುಗಳ ಮೇಲೆ ಒತ್ತಿಟ್ಟ. ಗುಡ್ಡದಲ್ಲಿ ಯಾರೂ ಇಲ್ಲದಾಗ ಮೇಣ ತೆಗೆದು ಹಾಗೆ ನುಡಿಸಿ ರೂಢಿಯಿತ್ತು, ಜನರೆದುರು ಕೈಯ ಬಟ್ಟೆ ಬಿಚ್ಚಲು ಅಪ್ಪನ ಕಟ್ಟಳೆ ಅಡ್ಡವಾಗಿತ್ತು ಅಷ್ಟೇ ಎನ್ನುತ್ತಾರೆ. ಹಿಂದಿರುಗಿ ನೋಡದೆ, “ಅಪ್ಪಾ, ಶ್ರುತಿ ಬಿಡಬ್ಯಾಡ,” ಎಂದ. ಹುಲಗಪ್ಪ ಊದಿದ. ಮಗ ಮೋಟನ್ನು ಚೂರು ಚೂರೇ ಹೊರಳಿಸಿದಂತೆ, ಮೇಣ ಹತ್ತು ವರ್ಷ ಜನರಿಂದ ಮುಚ್ಚಿಟ್ಟಿದ್ದ ಕೆಳಗಿನ ಸ್ವರಗಳೂ ಒಂದೊಂದಾಗಿ ಬಂದವು. ಮುಖ ತಿರುಗಿಸಿದ್ದವರು ಇತ್ತ ನೋಡಿದರು. ಪೂಜೆ ಮುಗಿದರೂ ಮಂಗಳಾರತಿಯ ತಟ್ಟೆ ಹಿಡಿದ ಪೂಜಾರಿ ಅಲ್ಲೇ ನಿಂತಿದ್ದ.

ನಾಯಕರು ಶಾಲು ತರಿಸಿ, ಕಲಿಸಿದವನಿಗೆ ಮೊದಲು ಎಂದು ಹುಲಗಪ್ಪನತ್ತ ಬಂದರು. ಹುಲಗಪ್ಪ ಎರಡೂ ಕೈ ಮುಂದೆ ಚಾಚಿದ. “ನನಗ ಹೊದಿಸಬ್ಯಾಡ್ರಿ ಧಣಿ. ನಾ ಏನೂ ಕಲಿಸಿಲ್ಲ. ಇವತ್ತ ಮುಂಜಾನೆ ಅವನ ಮೇಣ ಕೆರೆದು ತೆಗೆದಾವ ನಾನ. ಉಗುರಾಗ ಇನ್ನೂ ಐತಿ, ನೋಡ್ರಿ.” ಗಾದೆಪ್ಪ ಕಟ್ಟೆಯಿಂದಿಳಿದು ಬಂದ. “ವಿಭೂತಿ ಹಚ್ಚಿದಾಗನ ಮೇಣದ ವಾಸನಿ ಬಂದಿತ್ತು, ಮತ್ತ ತುಂಬಾಕ ಹೊತ್ತಿರಲಿಲ್ಲ,” ಎಂದ. ಗೊತ್ತಿದ್ದೂ ಮಗ ತನ್ನನ್ನು ಬೆನ್ನ ಹಿಂದೆ ಕೂರಿಸಿಕೊಂಡನಲ್ಲ ಎಂಬುದು ಹುಲಗಪ್ಪನನ್ನು ಸುಟ್ಟಷ್ಟು ಯಾವ ಬೈಗುಳವೂ ಸುಡುತ್ತಿರಲಿಲ್ಲ. ನಾಲ್ಕು ಜನರ ಮಾತಿಗೆ ಹೆದರಿ ಇಷ್ಟು ವರ್ಷ ನಾಚಿಕೊಂಡಿದ್ದು ನಾಚಿಕೆಯೇ ಅಲ್ಲ, ನಾಚಿಕೆ ಎಂದರೆ ಇದು ಎಂದು ಅವನಿಗೆ ಆಗ ತಿಳಿಯಿತು. ಮರುದಿನದಿಂದ ತಾನೇ ಕಲ್ಲು ಹೊತ್ತು ತಂದು ಹಿಂದೆ ಕಟ್ಟೆ ಕಟ್ಟಿದ. ಬದುಕಿರುವಷ್ಟು ದಿನ ಅದರ ಮೇಲೆ ಕೂತು ಮಗನಿಗೆ ಶ್ರುತಿ ಹಿಡಿದ. ಮುಂದೆ ಬಾ ಎಂದು ಮಗ ಹಲವು ಸಲ ಕರೆದರೂ ಹೋಗಲಿಲ್ಲ ಎನ್ನುತ್ತಾರೆ.

ಇಂದಿಗೂ ಮಹಾನವಮಿಗೆ ಬರುವ ಮೇಳಗಳಲ್ಲಿ ಎಲ್ಲರಿಗಿಂತ ಕಿರಿಯರು ಮುಂದಿನ ಕಟ್ಟೆಗೆ, ಕಲಿಸಿದ ಹಿರಿಯರು ಹಿಂಗಟ್ಟೆಗೆ. ದೊಡ್ಡ ದೊಡ್ಡ ಬಿರುದಿನವರೂ ಅಲ್ಲಿ ಶ್ರುತಿ ಹಿಡಿದು ಕೂರುವುದನ್ನು ಯಾರು ಬೇಕಾದರೂ ನೋಡಬಹುದು. ಹೆಚ್ಚಿನವರು ನಗುನಗುತ್ತ ಕೂರುತ್ತಾರೆ. ಒಬ್ಬಿಬ್ಬರು ಮಾತ್ರ ಕೂತ ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದುಬಿಡುತ್ತಾರೆ. ಅಂಥವರನ್ನು ನಮ್ಮೂರಿನಲ್ಲಿ ಯಾಕೆಂದು ಕೇಳುವುದಿಲ್ಲ.