ಓಲೆಗರಿಯ ಸೊನ್ನೆ

ಹೊಳೆಯ ದಡದಲ್ಲಿ ಒಂದು ಮಠ. ಅಲ್ಲಿ ಗ್ರಂಥದ ಓಲೆಗರಿ ಸವೆದರೆ ಹೊಸ ಗರಿಗೆ ಪ್ರತಿ ಮಾಡಿ, ಹಳೆಯದನ್ನು ಅದೇ ಸಂಜೆ ಹೊಳೆಗೆ ಬಿಡುವ ಪದ್ಧತಿ. ಆ ಸಲ ಪ್ರತಿ ಮಾಡುವ ಕೆಲಸ ಶಾಂತವೀರನ ಪಾಲಿಗೆ ಬಂತು. ಶಾಂತಿ ಅವನ ಹೆಸರಿನಲ್ಲಿತ್ತು, ಅಷ್ಟೇ.

ಇಳಿಹೊತ್ತಿನಲ್ಲಿ ಅವನು ಎರಡೂ ಗರಿ ಹಿಡಿದು ಗುರುಗಳ ಬಳಿಗೆ ಓಡಿ ಬಂದ.

“ಗುರುಗಳೇ, ಸಿಕ್ಕಿಬಿಟ್ಟಿತು.”

“ಏನು ಸಿಕ್ಕಿತು? ಮೊದಲು ಉಸಿರು ತಗೋ.”

“ಈ ಸಾಲು ನೋಡಿ. ‘ನಾನು ಯಾರು ಎಂದು ಶಿಷ್ಯ ಕೇಳಿದ.’ ಆಮೇಲೆ ಒಂದು ಸೊನ್ನೆ. ಆಮೇಲೆ ‘ಗುರು ಹೇಳಿದ.’ ಇದು ಅಂಕಿಯಲ್ಲ, ಅಕ್ಷರವೂ ಅಲ್ಲ. ಇಡೀ ಗ್ರಂಥದಲ್ಲಿ ಇದೊಂದೇ ಕಡೆ ಇದೆ.”

“ಹೌದಲ್ಲ.”

“ಇದು ಶೂನ್ಯ, ಗುರುಗಳೇ. ನಮ್ಮ ಮೂಲಗುರುಗಳು ಬೇಕೆಂದೇ ಇಟ್ಟ ಗುಟ್ಟು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಹೊಸ ಗರಿಯಲ್ಲಿ ಉಳಿದದ್ದೆಲ್ಲ ಕೊರೆದಾಯಿತು. ಇದಕ್ಕೆಂದು ಇಷ್ಟಗಲ ಜಾಗ ಬಿಟ್ಟಿದ್ದೇನೆ. ಸುತ್ತ ಎಸಳು ಹಾಕಿ ಕೊರೆಯುತ್ತೇನೆ.”

ಗುರುಗಳು ನಕ್ಕರು. ಈ ಶಿಷ್ಯನ ಆತುರ ಕಂಡರೆ ಅವರಿಗೆ ಒಳಗೊಳಗೇ ಪ್ರೀತಿ.

“ಗದ್ದುಗೆಯ ಮೇಲಿನ ಗಂಟು ಬಿಚ್ಚು,” ಎಂದರು.

ಶಾಂತವೀರ ಗಂಟನ್ನು ಕೆಳಗಿಳಿಸಿದ. ಅದರಲ್ಲಿದ್ದದ್ದು ಮೂಲಗುರುಗಳು ಸ್ವತಃ ಬರೆದ ಮೊದಲ ಪ್ರತಿ. ಅದಕ್ಕೆ ದಿನವೂ ಹೂವೇರಿಸುತ್ತಿದ್ದರೇ ಹೊರತು ಯಾರೂ ಬಿಚ್ಚುತ್ತಿರಲಿಲ್ಲ. ಅವನು ಗಂಟು ಬಿಚ್ಚಿ ಅದೇ ಸಾಲು ಹುಡುಕಿದ.

ಸೊನ್ನೆ ಇರಲಿಲ್ಲ. ಅಲ್ಲಿ ಹುಳು ಕೊರೆದ ತೂತಿತ್ತು. ಮೂಲಗುರುಗಳು ತೂತನ್ನು ಬಿಟ್ಟು ಆಚೆಗೆ ಬರೆದಿದ್ದರು. ಅದನ್ನು ನೋಡಿ ಪ್ರತಿ ಮಾಡಿದವರು ತೂತನ್ನೂ ಬಿಡದೆ ಭಕ್ತಿಯಿಂದ ಸೊನ್ನೆ ಮಾಡಿದ್ದರು.

“ಹುಳು,” ಎಂದ ಶಾಂತವೀರ. ಅವನಿಗೆ ಅಳು ಬಂತು. “ಎಲ್ಲರೂ ನಗುತ್ತಾರೆ.”

“ಎಸಳು ಹಾಕುವುದಿಲ್ಲವೇನು?”

“ಗೇಲಿ ಮಾಡಬೇಡಿ, ಗುರುಗಳೇ. ಕೊರೆದ ಮೇಲೆ ತಿದ್ದಲಾಗುವುದಿಲ್ಲ. ನಾಳೆಯಿಂದ ಎಲ್ಲರೂ ನನ್ನ ಗರಿಯನ್ನೇ ನೋಡಿ ಓದುತ್ತಾರೆ. ಬರೆದರೆ ಹುಳುವಿಗೆ ಪೂಜೆ ಮಾಡಿದ ಹಾಗೆ. ಬಿಟ್ಟರೆ ಇಷ್ಟು ಜನ ಹಿರಿಯರು ದಡ್ಡರು ಅಂದ ಹಾಗೆ. ಬರೆಯಲೋ ಬೇಡವೋ?”

“ಪಾರಾಯಣದಲ್ಲಿ ಈ ಸಾಲನ್ನು ಹೇಗೆ ಓದುತ್ತೇವೆ?”

“ಸೊನ್ನೆ ಬಂದಲ್ಲಿ ನಿಲ್ಲುತ್ತೇವೆ. ಎಲ್ಲರೂ ಸುಮ್ಮನಾಗುತ್ತೇವೆ. ಆಮೇಲೆ ಗುರುವಿನ ಉತ್ತರ ಓದುತ್ತೇವೆ.”

“ನಿನ್ನ ವಯಸ್ಸಿನಲ್ಲಿ ನಾನೂ ಈ ಗಂಟು ಬಿಚ್ಚಿದ್ದೆ. ನಿನ್ನ ಹಾಗೇ ಅತ್ತೆ. ಆ ಸಂಜೆಯ ಪಾರಾಯಣದಲ್ಲಿ ಸೊನ್ನೆ ಬಂದಾಗ ಮತ್ತೆ ನಿಂತೆ.”

“ಹುಳುವಿನ ತೂತು ಅಂತ ಗೊತ್ತಿದ್ದೂ?”

ಗುರುಗಳು ಹಳೆಯ ಗರಿಯನ್ನು ಎತ್ತಿಕೊಂಡು ಹೊಳೆಯತ್ತ ನಡೆದರು. ಶಾಂತವೀರ ಹೊಸ ಗರಿ, ಕೊರೆಯುವ ಕಂಟ ಎರಡನ್ನೂ ಹಿಡಿದು ಹಿಂದೆಯೇ ಓಡಿದ.

“ಬಿಡಬೇಡಿ ಗುರುಗಳೇ, ನಾನಿನ್ನೂ ಮುಗಿಸಿಲ್ಲ.”

ಗುರುಗಳು ಬಗ್ಗಿ ಗರಿಯನ್ನು ನೀರಿಗೆ ಬಿಟ್ಟರು.

“ಬರೆಯಲೋ ಬೇಡವೋ, ಅದನ್ನಾದರೂ ಹೇಳಿ.”

ಗರಿ ಒಂದು ಸುತ್ತು ತಿರುಗಿ ನಡುನೀರಿಗೆ ಸರಿಯಿತು. ಶಾಂತವೀರ ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತ ನಿಂತ. ಉತ್ತರ ಬರಲಿಲ್ಲ. ಬರಬರುತ್ತ ಅವನಿಗೆ ನೀರಿನ ಸದ್ದು ಕೇಳಿಸಿತು, ಆಮೇಲೆ ತನ್ನದೇ ಉಸಿರು. ಬೆಳಗಿನಿಂದ ಮೊದಲ ಸಲ ಅವನಲ್ಲಿ ಕೇಳಬೇಕಾದ ಪ್ರಶ್ನೆ ಯಾವುದೂ ಉಳಿದಿರಲಿಲ್ಲ.

ಗರಿ ತಿರುವಿನಲ್ಲಿ ಮರೆಯಾಯಿತು.

ಗುರುಗಳು ಅವನ ಕೈಯಲ್ಲಿದ್ದ ಕಂಟವನ್ನು ಮೆಲ್ಲಗೆ ಮುಟ್ಟಿದರು.

“ಈಗ ಸುಮ್ಮನಿದ್ದೆಯಲ್ಲ, ಅದನ್ನು ಬರೆ.”