ಪಂಕ್ತಿಯಲ್ಲಿ ಜಾಗವಿಲ್ಲದವನು

ಸಂಗಯ್ಯ ಕೋಪವನ್ನು ಗೆದ್ದು ಬಹಳ ಕಾಲವಾಗಿತ್ತು. ಆಶ್ರಮಕ್ಕೆ ಬಂದವರಿಗೆಲ್ಲ ಅದನ್ನು ಅವನೇ ಹೇಳುತ್ತಿದ್ದ.

ಆ ದಿನ ಬೆಳಿಗ್ಗೆ ಅವನು ಒಂದು ಮೆಕ್ಕೆಜೋಳದ ತೆನೆಯನ್ನು ಕತ್ತು ಹಿಸುಕುವಂತೆ ಹಿಡಿದುಕೊಂಡು ಹೊಳೆಯ ದಂಡೆಗೆ ಬಂದ. ಗುರುಗಳು ಬಟ್ಟೆ ಒಗೆಯುತ್ತಿದ್ದರು.

"ಗುರುಗಳೇ, ಅಡವೀಶ ಇವತ್ತೇ ಆಶ್ರಮ ಬಿಡಬೇಕು. ಇಲ್ಲವೇ ನಾನು ಬಿಡುತ್ತೇನೆ."

"ಕೋಪವೇ?"

"ಕೋಪವಲ್ಲ, ನ್ಯಾಯ."

"ಹಾಗಾದರೆ ಕೂತು ಹೇಳು. ನ್ಯಾಯಕ್ಕೆ ಇಷ್ಟು ಏದುಸಿರು ಬರಬಾರದು."

ಸಂಗಯ್ಯ ನಿಂತೇ ಹೇಳಿದ.

ಆಶ್ರಮದ ಊಟದ ಪಂಕ್ತಿಗೆ ಒಂದು ಕಟ್ಟಳೆ ಇತ್ತು. ಬಂದ ದಿನ ಎಲ್ಲಿ ಕೂತರೋ ಕೊನೆಯವರೆಗೂ ಅಲ್ಲೇ. ಹೊಸ ಶಿಷ್ಯ ಅಡವೀಶ ಮಾತ್ರ ಇವತ್ತು ಕಂಬದ ಹತ್ತಿರ, ನಾಳೆ ಬಾಗಿಲ ಹತ್ತಿರ. ಎಲೆ ಕಂಡಲ್ಲಿ ಕೂರುತ್ತಿದ್ದ.

ಉಣ್ಣುವಾಗಲೂ ವೇದಾಂತ ಬಿಡದ ಶಂಭಯ್ಯ, ಅಡವೀಶ ಪಕ್ಕದಲ್ಲಿ ಕೂತ ದಿನ ತುಟಿ ಬಿಚ್ಚಲಿಲ್ಲ. ವರ್ಷಗಳಿಂದ ಮೌನ ಹಿಡಿದಿದ್ದ ನಿಂಗಪ್ಪ, ಅವನು ಪಕ್ಕದಲ್ಲಿ ಕೂತ ದಿನ ಬಾಯಿಬಿಟ್ಟು, "ಸಾರಿಗೆ ಉಪ್ಪಿಲ್ಲ" ಅಂದುಬಿಟ್ಟ.

ಸಾರು ಮಾಡಿದ್ದವನು ಸಂಗಯ್ಯ.

"ಈಗ ಬೀಜಕ್ಕೂ ಕೈ ಹಾಕಿದ್ದಾನೆ. ನಮ್ಮದು ಅಪ್ಪಟ ನೇರಳೆ ಜೋಳ. ಇಲ್ಲಿ ನೋಡಿ, ಬಿಳಿ ಕಾಳು! ಅದರ ಮೇಲೆ ನೇರಳೆ ಚುಕ್ಕೆ, ಸಿಡುಬು ಎದ್ದ ಹಾಗೆ! ಬಿತ್ತುವ ದಿನ ಬುಟ್ಟಿ ಹೊತ್ತವನು ಅವನೇ. ಎಲ್ಲಿಂದಲೋ ಹಾಳು ಬೀಜ ತಂದು ಬೆರೆಸಿದ್ದಾನೆ!"

ಹೀಗೆಂದು ಸಂಗಯ್ಯ ತೆನೆಯನ್ನು ಹೊಳೆಗೆ ಬೀಸಿ ಎಸೆದ.

ಗುರುಗಳು ಒಗೆಯುವುದನ್ನು ಬಿಟ್ಟು ನೀರಿಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ತಡವರಿಸಿ ತೆನೆ ಹಿಡಿದರು. ಸಂಗಯ್ಯ ಕೈ ಕೊಡಲು ಹೋದ. ಅವರು ಹಿಡಿಯಲಿಲ್ಲ.

"ಕತ್ತೆ!" ಎಂದರು ದಡಕ್ಕೆ ಬಂದು. "ಎಸೆಯುವ ಮುಂಚೆ ಕೇಳಬಾರದಿತ್ತೇ?"

ಗುರುಗಳು ಸನ್ಯಾಸಕ್ಕೆ ಮೊದಲು ಕೃಷಿ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. ಆಶ್ರಮದಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಎತ್ತಿದರೆ ಪಾಠ ಶುರುವಾಗುತ್ತಿತ್ತು.

"ಈ ಬಿಳಿ ಕಾಳಿನೊಳಗೂ ನೇರಳೆ ಬಣ್ಣದ ವಂಶವಾಹಿ ಇದೆ. ಆದರೆ ಡಿಎನ್‌ಎಯಲ್ಲಿ ಕೆಲವು ತುಣುಕುಗಳಿಗೆ ನಿಂತ ಜಾಗ ಅಂತ ಇಲ್ಲ. ಇಲ್ಲಿಂದ ಎದ್ದು ಅಲ್ಲಿ ಕೂರುತ್ತವೆ. ಅಂಥದ್ದೊಂದು ಬಂದು ಬಣ್ಣದ ವಂಶವಾಹಿಯ ನಡುವೆ ಕೂತಿತು. ಬಣ್ಣ ಬಾಯಿ ಮುಚ್ಚಿತು."

"ಚುಕ್ಕೆ?"

"ಕಾಳು ಬಲಿಯುವಾಗ ಎಲ್ಲೋ ಒಂದು ಜೀವಕೋಶದಲ್ಲಿ ಅದು ಎದ್ದು ಹೋಯಿತು. ಆ ಜೀವಕೋಶದ ಸಂತತಿಗೆಲ್ಲ ಬಣ್ಣ ಮರಳಿ ಬಂತು. ಚುಕ್ಕೆ ಅಂದರೆ ಅದೇ. ಯಾರೂ ಏನನ್ನೂ ಬೆರೆಸಿಲ್ಲ."

"ಹಾಗಾದರೆ ಬಾಯಿ ಮುಚ್ಚಿಸುವುದೇ ಅದರ ಕಸುಬು!"

"ಅಲ್ಲ. ಒಮ್ಮೊಮ್ಮೆ ಪಕ್ಕದಲ್ಲಿ ಹೋಗಿ ಕೂತರೆ, ಮಲಗಿದ್ದ ವಂಶವಾಹಿ ಎದ್ದು ಕೆಲಸಕ್ಕೆ ಹೊರಡುತ್ತದೆ."

ಸಂಗಯ್ಯನಿಗೆ ಉಪ್ಪು ನೆನಪಾಯಿತು. ಮೈ ಮತ್ತೆ ಉರಿಯಿತು.

"ಇಂಥ ಅಂಡಲೆಯುವವುಗಳನ್ನು ಗಿಡ ಒದ್ದು ಹೊರಗೆ ಹಾಕುವುದಿಲ್ಲವೇ?"

"ಅಲುಗಾಡದಂತೆ ಕಟ್ಟಿಹಾಕಲು ನೋಡುತ್ತದೆ. ಒದ್ದು ಹಾಕುತ್ತಾ ಹೋದರೆ ಜೋಳದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅದರ ಡಿಎನ್‌ಎಯ ಹೆಚ್ಚಿನ ಪಾಲು ಹಾಗೆ ಬಂದು ಕೂತವೇ."

"ಮತ್ತೆ ನನ್ನ ಹಾಗೆ ಒಂದೇ ಕಡೆ ನೆಟ್ಟಗೆ ಕೂತವು?"

"ಸ್ವಲ್ಪ ಇವೆ."

ಸಂಗಯ್ಯ ಕಲ್ಲಿಗೆ ಕೈ ಗುದ್ದಿದ. "ನೋಡಿ ಗುರುಗಳೇ, ಅವನು ಬರುವವರೆಗೂ ನನಗೆ ಕೋಪ ಅನ್ನುವುದೇ ಇರಲಿಲ್ಲ!"

"ಅವನು ಬಂದ ದಿನ ಅವನ ಗಂಟು ಬಿಚ್ಚಿಸಿದವನು ನೀನೇ. ಏನಿತ್ತು ಅದರಲ್ಲಿ?"

"ಎರಡು ಪಂಚೆ. ಒಂದು ತಟ್ಟೆ."

"ಕೋಪ ಇತ್ತೇ?"

ಸಂಗಯ್ಯ ಬೆರಳ ಗೆಣ್ಣು ಉಜ್ಜಿಕೊಂಡ. ಗುದ್ದಿದ ಕೈ ನೋಯುತ್ತಿತ್ತು.

"ಅವನು ನಿನ್ನ ಪಕ್ಕ ಯಾವತ್ತಾದರೂ ಕೂತಿದ್ದಾನೆಯೇ?"

"ಕೂರಲು ಬಿಟ್ಟರೆ ತಾನೇ? ಎರಡೂ ಕಡೆ ನೀರಿನ ತಂಬಿಗೆ ಇಟ್ಟುಕೊಳ್ಳುತ್ತೇನೆ."

ಗುರುಗಳು ಒದ್ದೆ ತೆನೆಯನ್ನು ಅವನ ಕೈಗೆ ಕೊಟ್ಟು ಮತ್ತೆ ಬಟ್ಟೆಯ ಕಡೆ ತಿರುಗಿದರು.

ಸಂಗಯ್ಯ ಸ್ವಲ್ಪ ಹೊತ್ತು ಚುಕ್ಕೆಗಳನ್ನು ನೋಡಿದ. ಆಮೇಲೆ ಕೇಳಿದ, "ಈಗ ಯಾರು ಹೋಗಬೇಕು? ಅವನೋ, ನಾನೋ?"

ಗುರುಗಳು ಪಂಚೆಯನ್ನು ಹಿಂಡುತ್ತಾ ಹೇಳಿದರು:

"ಮಧ್ಯಾಹ್ನ ಪಂಕ್ತಿಯಲ್ಲಿ ಆ ತಂಬಿಗೆಗಳನ್ನು ಎತ್ತಿಡು. ನಿನ್ನೊಳಗೆ ಇನ್ನೂ ಯಾವ ಬಣ್ಣ ಇದೆಯೋ, ನಾನೂ ನೋಡಿಲ್ಲ."