ಹೊಸ ಬೂಟಿನ ಕಾವಲು

ನಾಗಭೂಷಣಪ್ಪ ತನ್ನ ಫೋರ್‌ವೀಲ್ ಜೀಪನ್ನು ಅಂಗಳದಲ್ಲಿ ಜಾಕ್ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ಬಿಚ್ಚಿ, ಆಕ್ಸಲ್ ಜಾಯಿಂಟಿಗೆ ಮಣ್ಣು-ಮರಳು ಸೇರದಂತೆ ಹೊದಿಸಿದ್ದ ರಬ್ಬರ್ ಗವಸನ್ನು, ಅಂದರೆ ಹರಕು ಬೂಟನ್ನು, ಕಿತ್ತೆಸೆದ. ಪಕ್ಕದಲ್ಲೇ ಹೊಸ ಬೂಟು ತನ್ನ ಸರದಿಗಾಗಿ ಕಾದಿತ್ತು.

“ಇನ್ನು ಮರಳಿನ ಒಂದು ಕಣವೂ ನನ್ನನ್ನು ದಾಟಲಾರದು,” ಎಂದಿತು ಹೊಸದು.

“ನಾನೂ ಹಾಗೇ ಅಂದಿದ್ದೆ,” ಎಂದಿತು ಹರಕು. “ನಾನು ಹರಿದ ಮೇಲೆ ಮರಳು ಒಳಗೆ ಹೋಗಿ ಕೂತಿದೆ. ಮೊದಲು ಜಾಯಿಂಟನ್ನು ತೊಳೆಯಲಿ. ಇಲ್ಲದಿದ್ದರೆ ನೀನು ಕಳ್ಳನನ್ನು ಒಳಗಿಟ್ಟುಕೊಂಡು ಬಾಗಿಲು ಕಾಯುತ್ತೀಯ.”

“ಹರಿದ ಬಾಯಿಗೆ ಮಾತು ಜಾಸ್ತಿ,” ಎಂದು ಹೊಸದು ನಕ್ಕಿತು.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕೂಗಿದಳು: “ಮುದ್ದೆ ಆರಿಹೋಗ್ತದೆ, ಬನ್ರೀ.”

“ಬಂದೆ ಕಣೇ, ಕಟ್ಟೋದೊಂದೇ ಬಾಕಿ,” ಎಂದ ನಾಗಭೂಷಣಪ್ಪ, ಜಾಯಿಂಟನ್ನು ಬಟ್ಟೆಯಿಂದ ಮೇಲೆಮೇಲೆ ಒರೆಸಿ, ಗ್ರೀಸ್ ಮೆತ್ತಿ, ಹೊಸ ಬೂಟು ತೊಡಿಸಿ ಕ್ಲಿಪ್ ಬಿಗಿದ.

ಜೀಪು ಹೊರಟ ದಿನವೇ ಜಾಯಿಂಟು ನರಳಿತು: “ಅರೆದುಹೋಗುತ್ತಿದ್ದೇನೆ ಅಣ್ಣಾ, ಸ್ವಲ್ಪ ದಾರಿ ಬಿಡು. ಈ ಮರಳು ಆಚೆ ಹೋಗಲಿ.”

ಬೂಟಿಗೆ ಹರಕಿನ ಮಾತು ನೆನಪಾಯಿತು. ಆದರೆ ಬಿಗಿದ ಕ್ಲಿಪ್ ಬಿಚ್ಚುವುದು ಅದರ ಕೈಯಲ್ಲಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ, ದಿಣ್ಣೆ ಹತ್ತುವಾಗ, ಜಾಯಿಂಟು ಲಟಕ್ಕನೆ ಮುರಿಯಿತು. ನಾಗಭೂಷಣಪ್ಪ ಇಳಿದು, ಬಗ್ಗಿ ನೋಡಿ, ಬೂಟನ್ನು ಸವರಿದ.

“ಪಾಪ, ಇದರದೇನೂ ತಪ್ಪಿಲ್ಲ. ಎಲ್ಲೂ ಒಂದು ಬಿರುಕಿಲ್ಲ.”

ಬೂಟಿಗೆ ಆ ಕ್ಷಣವೇ ಹರಿದುಹೋಗಬೇಕೆನಿಸಿತು. ಹೊಸ ರಬ್ಬರು, ಹರಿಯಲಿಲ್ಲ.